ಆಣೆ ಬೇಡ ಮಗಾ

ಜಾಮೀನಿನ ಮೇಲೆ ಮನೆಗೆ ಬಂದವನೇ ಅಮ್ಮನ ತಲೆ ಮುಟ್ಟಿ ಆಣೆ ಮಾಡಿದೆಯಂತೆ. ಇನ್ನು ಗಾಂಜಾ ಸೊಪ್ಪು ಮುಟ್ಟಲ್ಲ, ನಶೆ ಮಾತ್ರೆ ಮುಟ್ಟಲ್ಲ, ಯಾರ ಬೈಕಿಗೂ ಕೈ ಹಾಕಲ್ಲ ಅಂತ. ನಿಮ್ಮಮ್ಮ ನಮ್ಮ ಜಗಲಿ ಮೇಲೆ ಕೂತು ಅದನ್ನ ಹೇಳುತ್ತಾ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಸಮಾಧಾನ ಆಗಲಿಲ್ಲ ಕಣಪ್ಪ. ಮೂವತ್ತು ವರ್ಷ ಕೋರ್ಟಿನಲ್ಲಿ ಕಡತ ಕಟ್ಟಿದವನು ನಾನು. ಹೀಗೆ ಆಣೆ ಮಾಡಿದ ಹುಡುಗರನ್ನ ಅದೇ ಕಟಕಟೆಯಲ್ಲಿ ಎರಡನೇ ಸಲ, ಮೂರನೇ ಸಲ ಕಂಡಿದ್ದೀನಿ. ಅವರದು ಸುಳ್ಳು ಆಣೆಯಲ್ಲ. ಆಣೆ ಮಾಡಿ ಅದೇ ಸಂದಿಗೆ, ಅದೇ ಗೆಳೆಯನ ಗಾಡಿ ಹಿಂದೆ ಹೋಗಿ ಕೂತರು, ಅಷ್ಟೇ.

ಜಾಗ ಬದಲಾದರೆ ಏನಾಗುತ್ತೆ ಅನ್ನೋಕೆ ವಿಯೆಟ್ನಾಂ ಯುದ್ಧದ ಕತೆ ಒಂದಿದೆ. ಅಲ್ಲಿದ್ದ ಅಮೆರಿಕದ ಸಿಪಾಯಿಗಳಲ್ಲಿ ಸುಮಾರು ಐದರಲ್ಲಿ ಒಬ್ಬ ಹೆರಾಯಿನ್ ಚಟಕ್ಕೆ ಬಿದ್ದಿದ್ದ. 1971ರಲ್ಲಿ ವಾಪಸಾದವರನ್ನ ಲೀ ರಾಬಿನ್ಸ್ ಅನ್ನೋ ಸಂಶೋಧಕಿ ಹುಡುಕಿ ವಿಚಾರಿಸಿದರು. ಚಟಕ್ಕೆ ಬಿದ್ದಿದ್ದವರಲ್ಲಿ ಮೊದಲ ವರ್ಷದಲ್ಲೇ ಮತ್ತೆ ಚಟ ಹತ್ತಿಸಿಕೊಂಡವರು ನೂರಕ್ಕೆ ಐದರ ಆಸುಪಾಸು. ಊರು ಬದಲಾಯಿತು, ಜೊತೆಗಾರರು ಬದಲಾದರು, ಬಹಳ ಮಂದಿಗೆ ಚಟವೂ ಬಿಟ್ಟಿತು. ನಿನ್ನ ಕಷ್ಟ ಇರೋದು ಇಲ್ಲೇ. ಅವರು ವಿಯೆಟ್ನಾಂ ಬಿಟ್ಟು ಮನೆಗೆ ಬಂದರು, ನೀನು ಜೈಲು ಬಿಟ್ಟು ನಿನ್ನ ವಿಯೆಟ್ನಾಂಗೇ ಬಂದಿದ್ದೀಯ. ಅದಕ್ಕೇ ಮೊದಲು ಫೋನಿನ ಹಳೇ ಸಿಮ್ ಬದಲಾಯಿಸು. ತುಮಕೂರಿಗೆ ಹೋದರೆ ನಿನ್ನ ಹಳೇ ಸಂದಿ ಕಡೆಯಿಂದ ಬರಬೇಡ, ಒಂದು ಮೈಲಿ ಸುತ್ತಾದರೂ ಸರಿ. ಸಂಜೆ ಆರರಿಂದ ಒಂಬತ್ತು ಅಂದರೆ ನಿನಗೆ ಕೆಟ್ಟ ಹೊತ್ತು ಅಂತ ನೀನೇ ಹೇಳಿದ್ದೆ. ಆ ಹೊತ್ತಿಗೆ ಕೈಗೊಂದು ಕೆಲಸ ಇರಲೇಬೇಕು. ನಿಮ್ಮ ಸೋದರಮಾವನ ಗ್ಯಾರೇಜಿನಲ್ಲಿ ಮೊದಲು ಸ್ಪ್ಯಾನರ್ ಎತ್ತಿಕೊಡೋ ಕೆಲಸವೇ ಆಗಲಿ. ಕದ್ದ ಬೈಕನ್ನ ಬಿಚ್ಚೋಕೆ ಬರುತ್ತಿದ್ದವನಿಗೆ ಕೆಟ್ಟ ಬೈಕನ್ನ ಜೋಡಿಸೋಕೆ ಬರಲ್ಲವಾ?

ಇನ್ನೊಂದು ಮಾತು, ಇದನ್ನ ಹೆದರಿಸೋಕೆ ಅಂತಲೇ ಹೇಳ್ತೀನಿ. ಒಳಗೆ ಮೂರು ತಿಂಗಳು ಮಾತ್ರೆ ಇಲ್ಲದೆ ಇದ್ದೆ. ಮೈಗೆ ಹಳೇ ಅಭ್ಯಾಸ ತಪ್ಪಿದೆ. ಈಗ ಹಳೇ ಲೆಕ್ಕದಲ್ಲೇ ಅರೆದು ಸೂಜಿ ಚುಚ್ಚಿಕೊಂಡರೆ ಉಸಿರೇ ನಿಲ್ಲಬಹುದು. ಜೈಲಿನಿಂದ ಬಂದ ಮೊದಲ ಒಂದೆರಡು ವಾರದಲ್ಲೇ ಇಂಥ ಸಾವು ಹೆಚ್ಚು. ಎಲ್ಲಾದರೂ ಜಾರಿದರೆ ನಾಚಿಕೆಪಟ್ಟು ಬಾಗಿಲು ಹಾಕಿಕೊಂಡು ಕೂರಬೇಡ, ರಾತ್ರಿ ಎರಡು ಗಂಟೆಯಾದರೂ ನನ್ನ ಬಾಗಿಲು ಬಡಿ. ಜಾರಿದ್ದು ಒಂದು ದಿನ, ಮುಚ್ಚಿಟ್ಟರೆ ಅದೇ ಒಂದು ವರ್ಷ ಆಗುತ್ತೆ.

ಕಾನೂನಿನಲ್ಲೂ ನಿನಗೆ ದಾರಿ ಇದೆ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ. ಸೇವನೆ ಕೇಸಿನಲ್ಲೋ ಸಣ್ಣ ಪ್ರಮಾಣದ ಕೇಸಿನಲ್ಲೋ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಗೆ ಸೇರಿ ಚಿಕಿತ್ಸೆ ತಗೊಂಡರೆ ಆ ಕೇಸಿನಿಂದ ರಕ್ಷಣೆ ಸಿಗುತ್ತೆ. ಗಾಂಜಾದಲ್ಲಿ ಸಣ್ಣ ಪ್ರಮಾಣ ಅಂದರೆ ಒಂದು ಕೆಜಿ ತನಕ. ಅರ್ಧಕ್ಕೇ ಓಡಿ ಬಂದರೆ ಆ ರಕ್ಷಣೆಯನ್ನ ಕಿತ್ತುಕೊಳ್ಳಬಹುದು. ತಪ್ಪು ಸಾಬೀತಾದರೂ, ಕೂಡಲೇ ಶಿಕ್ಷೆ ಕೊಡದೆ 39ನೇ ಕಲಂನಡಿ ನ್ಯಾಯಾಧೀಶರು ವಯಸ್ಸು, ನಡತೆ ನೋಡಿ, ಬಾಂಡ್ ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. ಬೈಕ್ ಕದ್ದ ಕೇಸು ಬೇರೆ, ಅದು ಇದರಲ್ಲಿ ತೊಳೆದು ಹೋಗಲ್ಲ. ವಾಯಿದೆ ತಪ್ಪಿಸಬೇಡ. ಎಷ್ಟೋ ಹುಡುಗರು ಕಳ್ಳತನಕ್ಕಿಂತ ವಾರಂಟಿಗೇ ಮತ್ತೆ ಒಳಗೆ ಹೋದರು. ವಕೀಲರ ಹತ್ತಿರ ಈ ಎರಡು ಕಲಂ ಬಾಯಿಬಿಟ್ಟು ಕೇಳು. ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರ ಇದೆ.

ಚಿಕಿತ್ಸೆ ಅಂದರೆ ಕೂಡಿಹಾಕಿ ಹೊಡೆಯೋದಲ್ಲ. ಅಫೀಮಿನ ಬಗೆಯ ಮಾತ್ರೆಯ ಚಟಕ್ಕೆ ನಾಲಿಗೆ ಕೆಳಗೆ ಇಡೋ ಬ್ಯುಪ್ರಿನಾರ್ಫಿನ್ ಅಂತ ಔಷಧಿ ಇದೆ. ನಿನಗೆ ಬೇಕೋ ಬೇಡವೋ ಡಾಕ್ಟರು ಹೇಳ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಅಂತ ಪ್ರತ್ಯೇಕ ಕೇಂದ್ರ ಇದೆ, ಜೊತೆಗೆ ನಾನೇ ಬರ್ತೀನಿ. ಅಷ್ಟರಲ್ಲಿ ಕಳವಳ ಆದರೆ ಸಹಾಯವಾಣಿ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡ್ತಾರೆ.

ಕುಡಿತ ಬಿಟ್ಟವರನ್ನ ನೋಡು. ಧರ್ಮಸ್ಥಳದವರು ಊರೂರಲ್ಲಿ ಮಾಡೋ ಮದ್ಯವರ್ಜನ ಶಿಬಿರ ಎಂಟೇ ದಿನ. ಗಟ್ಟಿ ಇರೋದು ಆಮೇಲಿನ ನವಜೀವನ ಸಮಿತಿಯಲ್ಲಿ. ಬಿಟ್ಟವರೇ ಸೇರಿ ಕೂತು ಬಿಟ್ಟವರ ಕಷ್ಟ ಕೇಳ್ತಾರೆ. ನಿನಗೂ ಅಂಥ ನಾಲ್ಕು ಜನ ಬೇಕು. ನಾನು ಮುದುಕ, ನಾನೊಬ್ಬನೇ ಸಾಲಲ್ಲ.

ಊರವರು "ಕಳ್ಳ" ಅಂತಾರೆ ಅಂದೆ. ಅಂತಾರೆ. ಸ್ವಲ್ಪ ದಿನ ಅನ್ನಲಿ. ಅವರಿಗೂ ನಾನು ಒಂದು ಮಾತು ಹೇಳಿದ್ದೀನಿ. ನಮ್ಮ ಗೂಳೂರು ಗಣಪ ಹದಿನೆಂಟು ಕೋಮಿನವರ ಗಣಪ. ಚೌತಿಗೆ ಕೆರೆಯಿಂದ ಮಣ್ಣು ತಂದರೆ ಬಲಿಪಾಡ್ಯಮಿ ತನಕ ಅದನ್ನ ಹದ ಮಾಡಿ, ಮೆತ್ತಿ, ಎತ್ತರಕ್ಕೆ ಏರಿಸಬೇಕು. ಅದಕ್ಕೆ ಕೈ ಬೇಕು, ಯಾರ ಕೈ ಅಂತ ಮಣ್ಣು ಕೇಳಲ್ಲ. ಹಿರಿಯರ ಹತ್ತಿರ ನಿನ್ನ ಹೆಸರು ಹೇಳಿದೆ. ಇಬ್ಬರು ಮುಖ ತಿರುಗಿಸಿದರು, ಒಬ್ಬರು "ಕರೆತನ್ನಿ ನೋಡೋಣ" ಅಂದರು.

ನಾಳೆ ಬೆಳಿಗ್ಗೆ ಆರಕ್ಕೆ ದೇವಸ್ಥಾನದ ಹತ್ತಿರ ಬಾ. ಹಳೇ ಪಂಚೆ ಉಟ್ಟುಕೊಂಡು ಬಾ, ಮಣ್ಣಾಗುತ್ತೆ.