ಅಮಾನತ್ತಿಗೊಂದು ಲೆಕ್ಕದ ಪುಸ್ತಕ

ಬೀದಿಯಿಂದ ರಕ್ಷಿಸಿದ ನಾಯಿಯನ್ನು ಯಾರಾದರೂ ದತ್ತು ಪಡೆಯುವವರೆಗೆ ಕೆಲವು ವಾರ ಮನೆಯಲ್ಲಿಟ್ಟು ನೋಡಿಕೊಳ್ಳುವುದಕ್ಕೆ ‘ಫಾಸ್ಟರಿಂಗ್’ ಎನ್ನುತ್ತಾರೆ. ಕನ್ನಡದಲ್ಲಿ ತಾತ್ಕಾಲಿಕ ಪಾಲನೆ ಎನ್ನಬಹುದು. ನಮ್ಮ ಮನೆಮಾತಿನಲ್ಲಿ ಇದಕ್ಕೆ ಹೊಂದುವ ಇನ್ನೊಂದು ಪದವಿದೆ: ಅಮಾನತ್. ಅಂದರೆ, ಇನ್ನೊಬ್ಬರಿಗೆ ಒಪ್ಪಿಸಬೇಕಾದದ್ದು ಸದ್ಯಕ್ಕೆ ನಮ್ಮ ಕೈಯಲ್ಲಿದೆ ಎಂದು ಅರ್ಥ. ಅದನ್ನು ಕಾಪಾಡಿದರಷ್ಟೇ ಸಾಲದು, ಒಪ್ಪಿಸುವಾಗ ಸರಿಯಾದ ಲೆಕ್ಕವನ್ನೂ ಕೊಡಬೇಕು. ನಾಯಿಗೆ ಕಾಯಿಲೆಯಿದ್ದರೆ ಈ ಲೆಕ್ಕವೇ ಮುಖ್ಯವಾಗುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ನೆರೆಮನೆಯ ಅಕ್ಕ ಒಂದು ಕಂದು ಬಣ್ಣದ ಹೆಣ್ಣುನಾಯಿಯನ್ನು ನಮ್ಮಲ್ಲಿ ಬಿಟ್ಟರು. ನಾವು ಅದನ್ನು ಭೂರಿ ಎಂದು ಕರೆದೆವು. ತೂಕ 9 ಕೆ.ಜಿ. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿಗಳು. ಅನ್ನ ಇಟ್ಟರೆ ಮೂಸಿ ಸುಮ್ಮನೆ ಮಲಗುತ್ತಿತ್ತು.

ಮೊದಲ ಪ್ರಶ್ನೆ ದಾದಿಯದು: “ನಮಾಜು ಮಾಡೋ ಮನೇಲಿ ನಾಯಿನಾ?” ನಿಮ್ಮ ಮನೆಯಲ್ಲೂ ಇದೇ ಪ್ರಶ್ನೆ ಬರಬಹುದು. ಅಬ್ಬಾ ವಾದಕ್ಕೆ ಇಳಿಯಲಿಲ್ಲ, ವ್ಯವಸ್ಥೆ ಮಾಡಿದರು. ಹಿತ್ತಲಿನ ಶೆಡ್ಡಿನಲ್ಲಿ ಜಾಗ, ನಾಯಿಗೇ ಬೇರೆ ತಟ್ಟೆ, ಅದನ್ನು ಮುಟ್ಟುವಾಗ ಹಾಕಿಕೊಳ್ಳಲು ಬೇರೆ ಬಟ್ಟೆ, ಜೊಲ್ಲು ತಾಗಿದ್ದನ್ನು ತೊಳೆಯುವುದು. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದು ಕುಡಿಸಿದವರಿಗೆ ಕ್ಷಮೆ ದೊರೆತ ಹದೀಸ್ ದಾದಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮರುದಿನ ನೀರಿನ ಬಟ್ಟಲನ್ನು ತುಂಬಿಸಿಟ್ಟವರು ಅವರೇ.

ಪಶುವೈದ್ಯರು ರಕ್ತಪರೀಕ್ಷೆ ಮಾಡಿಸಿ ‘ಟಿಕ್ ಫೀವರ್’ ಎಂದರು. ಇದು ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ಜ್ವರ. ಕಂದು ಉಣ್ಣಿ ಕಚ್ಚಿದಾಗ ಅದು ನಾಯಿಯ ರಕ್ತ ಸೇರಿ ಬಿಳಿ ರಕ್ತಕಣಗಳೊಳಗೆ ಬೆಳೆಯುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳು ಕಡಿಮೆಯಾಗುತ್ತವೆ. ಜ್ವರ, ಮಂಕು, ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುವುದು ಇದರ ಲಕ್ಷಣಗಳು. ಇಂಥ ನಾಯಿಯನ್ನು ನೋಡಿಕೊಳ್ಳುವವರು ತಿಳಿದಿರಬೇಕಾದ ಅಂಶಗಳು ಇವು:

1. ಈ ಜ್ವರಕ್ಕೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಕೊಡುತ್ತಾರೆ. ಪ್ರಮಾಣವನ್ನು ವೈದ್ಯರೇ ಹೇಳಬೇಕು. ಕೆಲವೇ ದಿನಗಳಲ್ಲಿ ನಾಯಿ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ಗುಣವಾಯಿತೆಂದು ಮಾತ್ರೆ ನಿಲ್ಲಿಸಬಾರದು.

2. ಉಣ್ಣಿ ಮೊಟ್ಟೆಯಿಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ, ಮೂಲೆಗಳಲ್ಲಿ. ಆದ್ದರಿಂದ ನಾಯಿಗೆ ಔಷಧಿ ಹಾಕಿದರೆ ಸಾಲದು, ಮಲಗುವ ಜಾಗವನ್ನೂ ಸ್ವಚ್ಛಮಾಡಬೇಕು. ಉಣ್ಣಿಯನ್ನು ಚಿಮಟದಿಂದ ಕೀಳಬೇಕು, ಬೆರಳಲ್ಲಿ ಹೊಸಕಬಾರದು.

3. ನಾವು ನುಂಗುವ ನೋವಿನ ಮಾತ್ರೆಗಳನ್ನು ಕೊಡಬಾರದು. ಐಬುಪ್ರೊಫೆನ್ ನಾಯಿಗೆ ವಿಷ. ಉಳಿದ ಬಿರಿಯಾನಿಯೂ ಬೇಡ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚಬಹುದು.

4. ರೇಬೀಸ್ ಲಸಿಕೆ ಮತ್ತು ಸಂತಾನಹರಣ ಶಸ್ತ್ರಚಿಕಿತ್ಸೆ ಯಾವಾಗ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಪ್ಲೇಟ್‌ಲೆಟ್ ಕಡಿಮೆ ಇದ್ದಾಗ ಶಸ್ತ್ರಚಿಕಿತ್ಸೆ ಮಾಡಿದರೆ ರಕ್ತಸ್ರಾವದ ಅಪಾಯವಿದೆ.

5. ಯಾವುದೇ ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಇದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಳ್ಳಲಾಗದು. ಅಬ್ಬಾ ಅಂಗಡಿಯ ಒಂದು ಹಳೆಯ ಲೆಡ್ಜರ್ ಕೊಟ್ಟರು. ತಾರೀಖು, ಊಟ, ಮಾತ್ರೆ, ತೂಕ, ಖರ್ಚು ಎಂದು ಗೆರೆ ಹಾಕಿ ದಿನವೂ ಬರೆದೆ. ಆರನೇ ದಿನದ ಊಟದ ಕಾಲಂನಲ್ಲಿ ಮೊದಲ ಬಾರಿ ‘ಪೂರ್ತಿ’ ಎಂದು ಬರೆಯುವಂತಾಯಿತು. ಐದನೇ ವಾರಕ್ಕೆ ತೂಕ 12 ಕೆ.ಜಿ. ದಾಟಿತು.

ಕಷ್ಟ ಬಂದದ್ದು ಆಮೇಲೆ. ದತ್ತು ಪಡೆಯಲು ಬಂದ ಮೊದಲ ಕುಟುಂಬಕ್ಕೆ ಭೂರಿ ತುಂಬಾ ಇಷ್ಟವಾಯಿತು. ಟಿಕ್ ಫೀವರ್ ವಿಷಯ ಹೇಳಿದೆವು. “ಯೋಚಿಸಿ ಹೇಳುತ್ತೇವೆ” ಎಂದವರು ಮತ್ತೆ ಬರಲಿಲ್ಲ. ಇತ್ತ ಕಾಲೇಜು ಶುರುವಾಗುವುದಿತ್ತು, ಹಗಲು ಅದನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಮಾಮು ಹೇಳಿದರು: “ಅಷ್ಟೆಲ್ಲ ಹೇಳಿದ್ರೆ ಯಾರು ತಗೊಂಡು ಹೋಗ್ತಾರೆ? ಈಗ ಚೆನ್ನಾಗೇ ಇದೆಯಲ್ಲ!”

ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಭೂರಿ ಚೆನ್ನಾಗೇ ಇತ್ತು. ಆದರೆ ಈ ಸೋಂಕು ಕೆಲವು ನಾಯಿಗಳ ಮೈಯಲ್ಲಿ ಲಕ್ಷಣ ತೋರಿಸದೆ ಉಳಿದು, ತಿಂಗಳುಗಳ ನಂತರ ಮರಳಬಹುದು. ವಿಷಯ ಗೊತ್ತಿಲ್ಲದ ಮನೆಯವರು ಆಗ “ಬಿಸಿಲಿಗೆ ಮಂಕಾಗಿದೆ” ಎಂದು ಸುಮ್ಮನಿದ್ದುಬಿಡಬಹುದು. ನಾವು ಮುಚ್ಚಿಟ್ಟ ಒಂದು ಸಾಲಿಗೆ ನಾಯಿ ಪ್ರಾಣ ಕೊಡಬೇಕಾಗುತ್ತದೆ.

ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ‘ಫುಲ್ ಡಿಸ್‌ಕ್ಲೋಷರ್’ ಎಂಬ ತತ್ವ ಓದುತ್ತೇವೆ: ಲೆಕ್ಕ ನೋಡುವವರ ನಿರ್ಧಾರಕ್ಕೆ ಬೇಕಾದ ಮುಖ್ಯ ವಿಷಯವನ್ನೆಲ್ಲ ತೋರಿಸಬೇಕು. ಇನ್ನೊಂದು ‘ಕನ್ಸರ್ವೇಟಿಸಂ’: ಬರಬಹುದಾದ ನಷ್ಟಕ್ಕೆ ಮೊದಲೇ ಅವಕಾಶ ಮಾಡಿಡಿ, ಇನ್ನೂ ಕೈಗೆ ಬರದ ಲಾಭವನ್ನು ಬರೆಯಬೇಡಿ. ಹಾಗಾಗಿ ಪುಸ್ತಕದಲ್ಲಿ ‘ಪೂರ್ತಿ ಗುಣವಾಗಿದೆ’ ಎಂದು ಬರೆಯಲಿಲ್ಲ. ‘28 ದಿನದ ಮಾತ್ರೆ ಮುಗಿದಿದೆ, ಪ್ಲೇಟ್‌ಲೆಟ್ ಸಾಮಾನ್ಯ ಮಟ್ಟಕ್ಕೆ ಬಂದಿದೆ, ವೈದ್ಯರು ಹೇಳಿದ ದಿನ ಮತ್ತೆ ರಕ್ತ ಪರೀಕ್ಷಿಸಬೇಕು’ ಎಂದು ಬರೆದೆ.

ಮೂರು ವಾರ ಕಳೆದ ಮೇಲೆ ಮನೆಯಲ್ಲೇ ಹೊಲಿಗೆ ಕೆಲಸ ಮಾಡುವ ಒಬ್ಬ ತಾಯಿ ಮಗನೊಂದಿಗೆ ಬಂದರು. ಅದುವರೆಗೆ ಹಗಲು ಭೂರಿಯನ್ನು ಕಾದವರು ಆ ನೆರೆಮನೆಯ ಅಕ್ಕ. ತಾಯಿ ಲೆಡ್ಜರನ್ನು ಮೊದಲ ಪುಟದಿಂದ ಓದಿ, “ಮೂಗಲ್ಲಿ ರಕ್ತ ಬಂದ್ರೆ ಅವತ್ತೇ ಡಾಕ್ಟರ ಹತ್ರ ಹೋಗಬೇಕಾ?” ಎಂದು ಕೇಳಿದರು. ಮೊದಲ ಕುಟುಂಬ ಹಿಂದೆ ಸರಿದದ್ದು ನಷ್ಟವೆಂದುಕೊಂಡಿದ್ದೆ. ಆ ಪ್ರಶ್ನೆ ಕೇಳಿದ ಮೇಲೆ ಹಾಗೆ ಅನ್ನಿಸಲಿಲ್ಲ. ಕಾಯಿಲೆಯ ಮಾತಿಗೆ ಹೆದರುವವರು ಕಾಯಿಲೆ ಮರಳಿದ ದಿನ ಏನು ಮಾಡುತ್ತಿದ್ದರು?

ಸ್ನೇಹಿತರೇ, ನೀವೂ ಇಂಥ ಜವಾಬ್ದಾರಿ ಹೊತ್ತರೆ ನಾಯಿಯ ಜೊತೆ ನಾಲ್ಕು ವಿಷಯ ಬರೆದು ಕೊಡಿ: ಬಂದಿದ್ದ ಕಾಯಿಲೆ, ಕೊಟ್ಟ ಔಷಧಿ ಮತ್ತು ಲಸಿಕೆ, ಮುಂದಿನ ಪರೀಕ್ಷೆಯ ದಿನ, ಗಮನಿಸಬೇಕಾದ ಲಕ್ಷಣಗಳು. ತನ್ನ ಕಾಯಿಲೆಯನ್ನು ನಾಯಿ ಬಾಯಿಬಿಟ್ಟು ಹೇಳಲಾರದು. ಅದರ ಪರವಾಗಿ ಹೇಳಬೇಕಾದವರು ಅದನ್ನು ಇಟ್ಟುಕೊಂಡಿದ್ದ ನಾವೇ.