ಥಿನ್ ಪೂಲ್ ಕೆಟ್ಟ ದಿನ ನಾನು ಹಟ ಹಿಡಿದದ್ದೇಕೆ

ಮಾರ್ಚ್ ಕೊನೆಯ ವಾರದಲ್ಲಿ ನಮ್ಮ ಸೊಸೈಟಿಯ ಸರ್ವರ್ ನಿಂತಾಗ ನಾನು ಬೇಕೆಂದೇ ತಡ ಮಾಡಿಸಿದೆ ಎಂಬ ಮಾತು ಆಡಳಿತ ಮಂಡಳಿಯ ಸಭೆಯಲ್ಲಿ ಈಗಲೂ ಬರುತ್ತದೆ. ಹೌದು, ತಡ ಮಾಡಿಸಿದೆ. ಸದಸ್ಯರ ಖಾತೆಗಳು ಉಳಿದದ್ದು ಅದರಿಂದಲೇ.

ಕೆಟ್ಟದ್ದು ಡಿಸ್ಕ್ ಅಲ್ಲ. ಎಲ್‌ವಿಎಂ ಥಿನ್ ಪೂಲ್‌ನಲ್ಲಿ ಯಾವ ವಾಲ್ಯೂಮಿನ ಯಾವ ಬ್ಲಾಕ್ ಎಲ್ಲಿದೆ ಎಂಬ ವಿವರ ಮೆಟಾಡೇಟಾ ಎಂಬ ಚಿಕ್ಕ ಜಾಗದಲ್ಲಿ ಮಾತ್ರ ಇರುತ್ತದೆ. ಸರ್ವರ್ ಕೊಟ್ಟ ಕಂಪನಿಯವರು ದಿನಾ ರಾತ್ರಿ ಸ್ನ್ಯಾಪ್‌ಶಾಟ್ ಬೀಳುವಂತೆ ಮಾಡಿದ್ದರು, ಹಳೆಯವು ಅಳಿಯುವಂತೆ ಮಾಡಿರಲಿಲ್ಲ. ಡೇಟಾ ಅರ್ಧವೂ ತುಂಬಿರಲಿಲ್ಲ, ಮೆಟಾಡೇಟಾ ಗಂಟಲವರೆಗೆ ತುಂಬಿತ್ತು. ಪೂಲ್ ತಾನಾಗಿ ಹಿಗ್ಗುವ ಸೌಲಭ್ಯವೇನೋ ಇದೆ. ಆದರೆ ಅದರ ಮಿತಿ ಮೂಲದಲ್ಲಿ 100 ಎಂದಿರುತ್ತದೆ, ಅಂದರೆ ಹಿಗ್ಗುವುದೇ ಇಲ್ಲ. ಅದನ್ನೂ ಅವರು ಮುಟ್ಟಿರಲಿಲ್ಲ. ಸಾಲದ್ದಕ್ಕೆ, ಸರ್ವರ್ ತಡವರಿಸಿದಾಗ ಅವರ ಎಂಜಿನಿಯರ್ ಫೋನಿನಲ್ಲೇ ಹೇಳಿ ಗುಮಾಸ್ತರಿಂದ ಪವರ್ ಬಟನ್ ಒತ್ತಿಸಿದ್ದ.

ನಾನು ಹೋದಾಗ ಪೂಲ್ ಏಳಲು ಒಪ್ಪುತ್ತಿರಲಿಲ್ಲ; ತಪಾಸಣೆ ವಿಫಲ, ಕೈಯಾರೆ ರಿಪೇರಿ ಮಾಡಬೇಕು ಎನ್ನುತ್ತಿತ್ತು. ಕೌಂಟರಿನಾಚೆ ಪಾಸ್‌ಬುಕ್ ಹಿಡಿದ ಜನ. ಸ್ಪೀಕರ್‌ನಲ್ಲಿ ಎಂಜಿನಿಯರ್: "ಈಟಿಸಿ ಎಲ್‌ವಿಎಂ ಫೋಲ್ಡರಿನಲ್ಲಿ ಬ್ಯಾಕಪ್ ಇದೆ, ರಿಸ್ಟೋರ್ ಮಾಡಿ." ಆ ಬ್ಯಾಕಪ್‌ನಲ್ಲಿ ವಾಲ್ಯೂಮುಗಳ ಹೆಸರು, ಅಳತೆ, ವಿನ್ಯಾಸ ಇರುತ್ತದೆಯೇ ಹೊರತು ಥಿನ್ ಬ್ಲಾಕುಗಳ ನಕ್ಷೆ ಇರುವುದಿಲ್ಲ. ಆಗುವುದಿಲ್ಲ ಎಂದೆ. "ಹಾಗಾದರೆ ಎಲ್‌ವಿಕನ್ವರ್ಟ್ ರಿಪೇರಿ ಓಡಿಸಿ, ಕೂಡಲೇ ಮೌಂಟ್ ಮಾಡಿ."

"ಒಂದೇ ಕಮಾಂಡು ಅಂತಾರಲ್ಲ ಮಾರಾಯ್ರೆ, ನೀವ್ಯಾಕೆ ಅಡ್ಡ ಹಾಕ್ತೀರಿ?" ಕಾರ್ಯದರ್ಶಿಗಳು ಎಲ್ಲರೆದುರು ಗದರಿದರು.

"ಮೆಟಾಡೇಟಾದ ಪ್ರತಿ ತೆಗೆಯದೆ ನಾನು ಎಂಟರ್ ಒತ್ತೋದಿಲ್ಲ ಸರ್. ಬೇಕಿದ್ದರೆ ಅವರೇ ಬಂದು ಒತ್ತಲಿ."

ಆಮೇಲೆ ಯಾರೂ ಮಾತಾಡಲಿಲ್ಲ. ಪೂಲ್ ನಿಷ್ಕ್ರಿಯವಾಗಿಯೇ ಇತ್ತು. ಟಿಮೆಟಾ ಎಂಬ ಒಳಭಾಗವನ್ನಷ್ಟೇ ಓದಲು ತೆರೆದು, ಡಿಡಿಯಿಂದ ಹೊರಗಿನ ಡಿಸ್ಕಿಗೆ ಇಳಿಸಿದೆ. ಮೆಟಾಡೇಟಾ ಎಷ್ಟೇ ಬೆಳೆದರೂ 16 ಜಿಬಿ ದಾಟದು. ನಮ್ಮದು ಅದರ ಹತ್ತಿರಕ್ಕೂ ಬಂದಿರಲಿಲ್ಲ. ಆ ಪ್ರತಿಯ ಮೇಲೆ ಸರ್ವರಿನಲ್ಲಿದ್ದ ಹಳೆಯ ಥಿನ್ ರಿಪೇರಿ ಓಡಿಸಿ, ಥಿನ್ ಡಂಪ್‌ನಿಂದ ಪಟ್ಟಿ ತೆಗೆದೆ. ಖಾತೆಗಳ ವಾಲ್ಯೂಮ್ ಪಟ್ಟಿಯಲ್ಲಿ ಇರಲಿಲ್ಲ. ಮೇಲಿಂದ ಕೆಳಗೆ ಮತ್ತೆ ನೋಡಿದೆ, ಇರಲಿಲ್ಲ. ಕೈ ತಣ್ಣಗಾಯಿತು.

ಇದನ್ನೇ ಅಸಲಿನ ಮೇಲೆ ಓಡಿಸಿ ಮೌಂಟ್ ಮಾಡಿದ್ದರೆ? ಹಳೆಯ ಮೆಟಾಡೇಟಾವನ್ನು ರಿಪೇರಿ ಕಮಾಂಡು ಬೇರೆ ಹೆಸರಲ್ಲಿ ಉಳಿಸುತ್ತದೆ, ನಿಜ. ಆದರೆ ನಕ್ಷೆಯಿಂದ ಬಿದ್ದುಹೋದ ಬ್ಲಾಕುಗಳು ಪೂಲಿನ ಲೆಕ್ಕಕ್ಕೆ ಖಾಲಿ ಜಾಗ. ಬೇರೆ ವಾಲ್ಯೂಮು ಬರೆಯತೊಡಗಿದೊಡನೆ ಸದಸ್ಯರ ಠೇವಣಿ, ಸಾಲ ಎಲ್ಲದರ ಮೇಲೂ ಬೇರೇನೋ ಬೀಳುತ್ತಿತ್ತು. ಆಮೇಲೆ ಯಾವ ರಿಪೇರಿಯೂ ಅದನ್ನು ತಾರದು.

ಅದೇ ಪ್ರತಿಯನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಹೊಸ ಆವೃತ್ತಿಯ ಥಿನ್ ರಿಪೇರಿ ಓಡಿಸಿದೆ. ಎಲ್ಲ ವಾಲ್ಯೂಮುಗಳೂ ಬಂದವು. ಇನ್ನೊಂದು ಡಿಸ್ಕ್ ಸೇರಿಸಿ, ದೊಡ್ಡದೊಂದು ಮೆಟಾಡೇಟಾ ವಾಲ್ಯೂಮ್ ಮಾಡಿ, ಅದಕ್ಕೆ ಥಿನ್ ರಿಸ್ಟೋರ್ ಮಾಡಿ, ಪೂಲಿಗೆ ಅದಲುಬದಲು ಮಾಡಿದೆ. ಮೊದಲು ಓದಲು ಮಾತ್ರ ಮೌಂಟ್ ಮಾಡಿ ಖಾತೆಗಳನ್ನು ಹೊರಗೆ ನಕಲಿಸಿಕೊಂಡ ಮೇಲೆಯೇ ಫೈಲ್ ಸಿಸ್ಟಮ್ ತಪಾಸಣೆ.

ಥಿನ್ ಪೂಲ್ ಇಟ್ಟುಕೊಂಡವರು ಎಲ್‌ವಿಎಸ್ ಪಟ್ಟಿಯಲ್ಲಿ ಡೇಟಾ ಶೇಕಡದ ಪಕ್ಕದ ಮೆಟಾ ಶೇಕಡವನ್ನೂ ನೋಡಿ. ಹಿಗ್ಗುವ ಮಿತಿಯನ್ನು 70ಕ್ಕೋ 80ಕ್ಕೋ ಇಳಿಸಿ, ಹಿಗ್ಗಲು ಗ್ರೂಪಿನಲ್ಲಿ ಜಾಗ ಬಿಡಿ. ಸ್ನ್ಯಾಪ್‌ಶಾಟ್ ಅದೇ ಪೂಲಿನೊಳಗೆ ಇರುವಂಥದ್ದು, ಅದನ್ನು ಬ್ಯಾಕಪ್ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕಂಪನಿಯವರು ಆ ದಿನದ್ದಕ್ಕೆ ‘ಡೇಟಾ ರಿಕವರಿ ಸೇವೆ’ ಎಂದು ಬಿಲ್ ಕಳಿಸಿದ್ದಾರೆ. ಕೊಡಕೂಡದೆಂದು ಲಿಖಿತ ಆಕ್ಷೇಪಣೆ ಸಲ್ಲಿಸಿದ್ದೇನೆ. ಕಾರ್ಯದರ್ಶಿಗಳು ಅದನ್ನಿನ್ನೂ ಮಂಡಳಿಯ ಮುಂದಿಟ್ಟಿಲ್ಲ.