ಮತಗಣನೆಯಲ್ಲಿ ವರ್ಗಮೂಲ

ವರ್ಗಮೂಲವನ್ನು ಕಲಿಯುವಾಗ ‘ಇದರಿಂದ ಪ್ರಯೋಜನವೇನು?’ ಎಂದು ಕೇಳುವ ವಿದ್ಯಾರ್ಥಿಗಳು ಪ್ರತಿವರ್ಷವೂ ನಮಗೆ ದೊರೆಯುತ್ತಾರೆ. ಅವರಿಗೆ ಇಲ್ಲೊಂದು ಉತ್ತರವನ್ನು ಕೊಡಬಯಸುತ್ತೇವೆ.

ಸಂಘಗಳ ಮಹಾಸಭೆಗೆ ಹೋಗಿಬಂದ ಪೋಷಕರು ‘ಕೋರಂ’ ಎಂಬ ಮಾತನ್ನು ಬಲ್ಲರು. ಇಂತಿಷ್ಟು ಮಂದಿ ಕೂಡದೆ ಯಾವ ಗೊತ್ತುವಳಿಯೂ ಸಿಂಧುವಾಗದು. ನಿಯಮವೇನೋ ಒಳ್ಳೆಯದೇ. ಆದರೆ ಗೊತ್ತುವಳಿಯನ್ನು ಒಪ್ಪದವರು ಬಂದು ವಿರೋಧಿಸುವ ಬದಲು ಮನೆಯಲ್ಲಿಯೇ ಉಳಿದು ಸಭೆಯನ್ನು ಮುರಿಯಬಹುದು. ಕೋರಂ ಬೇಡವೆಂದರೋ, ನಾಲ್ವರು ಕೂಡಿ ಎಲ್ಲರ ಹೆಸರಿನಲ್ಲಿ ತೀರ್ಮಾನಿಸಿಬಿಡಬಹುದು.

2020ರಲ್ಲಿ ಆರಂಭವಾದ ಪೋಲ್ಕಾಡಾಟ್ ಎಂಬ ಬ್ಲಾಕ್‌ಚೈನ್ ಈ ತೊಡಕಿಗೆ ಗಣಿತದ ಮೊರೆಹೊಕ್ಕಿತು. ಬ್ಲಾಕ್‌ಚೈನ್ ಎಂದರೆ ಒಬ್ಬ ಯಜಮಾನನಿಲ್ಲದೆ ಅನೇಕ ಕಂಪ್ಯೂಟರುಗಳು ಒಟ್ಟಾಗಿ ನಡೆಸಿಕೊಂಡು ಬರುವ ಲೆಕ್ಕದ ಪುಸ್ತಕ. ಅದರ ನಿಯಮಗಳನ್ನು ಬದಲಿಸಬೇಕಾದರೆ ‘ಡಾಟ್’ ಎಂಬ ಅದರ ನಾಣ್ಯವುಳ್ಳವರು ಮತ ನೀಡುತ್ತಾರೆ. ದೇಶದೇಶಗಳಲ್ಲಿ ಚದುರಿರುವ ಅವರೆಲ್ಲರೂ ಮತ ಕೊಡುವರೆಂಬುದು ಕನಸಿನ ಮಾತು.

ಸಾಮಾನ್ಯ ಸದಸ್ಯರು ತಂದ ಗೊತ್ತುವಳಿಗೆ 2023ರ ವರೆಗೆ ಅಲ್ಲಿದ್ದ ನಿಯಮ ಇದು: ವಿರೋಧದ ಮತಗಳನ್ನು ಚಲಾಯಿತ ಮತಗಳ ವರ್ಗಮೂಲದಿಂದಲೂ, ಪರವಾದ ಮತಗಳನ್ನು ಇರುವ ಒಟ್ಟು ಮತಗಳ ವರ್ಗಮೂಲದಿಂದಲೂ ಭಾಗಿಸಬೇಕು. ಎರಡನೆಯ ಭಾಗಲಬ್ಧವು ಹೆಚ್ಚಾದರೆ ಮಾತ್ರ ಜಯ. ಒಟ್ಟು ಮತಗಳು 10,000 ಎಂದು ಭಾವಿಸಿರಿ. ಅದರ ವರ್ಗಮೂಲ 100. ಕೇವಲ 100 ಮತಗಳು ಬಿದ್ದರೆ ಅದರ ವರ್ಗಮೂಲ 10. ಆಗ ಪರವಾದ ಮತಗಳು ವಿರೋಧದ ಹತ್ತರಷ್ಟನ್ನು ಮೀರಬೇಕು. 91 ಪರ, 9 ವಿರೋಧವಾದರೆ ಗೆಲುವು, 90 ಪರ, 10 ವಿರೋಧವಾದರೆ ಸೋಲು. 2,500 ಬಿದ್ದರೆ ಎರಡರಷ್ಟನ್ನು ಮೀರಿದರೆ ಸಾಕು. ಹತ್ತು ಸಾವಿರವೂ ಬಿದ್ದರೆ ಸರಳ ಬಹುಮತವೇ ಆಯಿತು. (ನಾಣ್ಯವನ್ನು ಹೆಚ್ಚುಕಾಲ ಮುಡಿಪಿಟ್ಟವರ ಮತಕ್ಕೆ ಹೆಚ್ಚು ತೂಕವುಂಟು; ಆ ಲೆಕ್ಕವನ್ನು ಇಲ್ಲಿ ಬಿಟ್ಟಿದ್ದೇವೆ.)

ಚುನಾಯಿತ ಮಂಡಲಿಯು ಏಕಮತದಿಂದ ತಂದ ಗೊತ್ತುವಳಿಗೆ ಮಾತ್ರ ಭಾಜಕಗಳು ಅದಲುಬದಲು. 2,500 ಮತಗಳು ಬಿದ್ದಾಗ ಮೂರರಲ್ಲಿ ಒಂದು ಪಾಲನ್ನು ಮೀರಿದರೆ ಅದು ಗೆದ್ದಂತೆ! ಮನೆಯಲ್ಲಿ ಕುಳಿತವರ ಮೌನವನ್ನು ಮೊದಲ ನಿಯಮವು ಅಸಮ್ಮತಿಯ ಕಡೆಗೂ ಇದು ಸಮ್ಮತಿಯ ಕಡೆಗೂ ವಾಲಿಸುತ್ತಿತ್ತು.

2023ರ ಜೂನಿನಲ್ಲಿ ಆ ಮಂಡಲಿಯೂ ಈ ಸೂತ್ರವೂ ಹೋಗಿ, ದಿನ ಕಳೆದಂತೆ ಇಳಿಯುವ ಮಿತಿಗಳು ಬಂದುವು. ಎಷ್ಟು ಇಳಿದರೂ ಪರವಾದ ಪಾಲು ನೂರಕ್ಕೆ 50ಕ್ಕಿಂತ ಕೆಳಗಾಗುವಂತಿಲ್ಲ.

ಒಂದು ಮಾತನ್ನು ಮರೆಮಾಚಲಾರೆವು. ಅಲ್ಲಿ ತಲೆಗೊಂದು ಮತವಲ್ಲ, ನಾಣ್ಯಕ್ಕೆ ತಕ್ಕ ಮತ. ವರ್ಗಮೂಲವು ಗೈರುಹಾಜರಿಯನ್ನು ತೂಗಬಲ್ಲುದೇ ಹೊರತು ಸಿರಿವಂತರ ಕೈಯನ್ನು ತಡೆಯಲಾರದು.

ವಿದ್ಯಾರ್ಥಿಗಳೇ, ಮೊದಲ ನಿಯಮದಂತೆ, 10,000ದಲ್ಲಿ 6,400 ಮತಗಳು ಬಿದ್ದರೆ ಗೆಲ್ಲಲು ಕನಿಷ್ಠ ಎಷ್ಟು ಬೇಕು? 3,556 ಎಂದು ಬಂದರೆ ನಿಮ್ಮ ಲೆಕ್ಕ ಸರಿ.